ಎರಡೂವರೆಯ ಮಾಸ್ಟ್ರು

ಜತ್ತಪ್ಪ ಮಾಸ್ಟ್ರು ಟಿವಿಯಲ್ಲಿ ಬರುತ್ತಾರೆ ಎಂಬ ಸುದ್ದಿ ಊರಿಗೆಲ್ಲ ಗೊತ್ತಾಗಿ, ಕಟ್ಟಕಡೆಗೆ ಗೊತ್ತಾದದ್ದು ಜತ್ತಪ್ಪ ಮಾಸ್ಟ್ರಿಗೆ. ದೊಡ್ಡ ಮನುಷ್ಯರ ವಿಷಯದಲ್ಲಿ ಹೀಗಾಗುವುದು ಉಂಟು.

ನಮ್ಮ ಊರು ನೆಕ್ಕರಡ್ಕ. ಕಕ್ಕಿಂಜೆ ಪೇಟೆಯಲ್ಲಿ ಬಸ್ಸಿಳಿದು ಎರಡು ಕಿಲೋಮೀಟರ್ ಒಳಗೆ ಬರಬೇಕು. ರಿಕ್ಷಾದವರು ಮೂರು ಎನ್ನುತ್ತಾರೆ. ಇಲ್ಲಿ ಒಂದು ಸರಕಾರಿ ಕಿರಿಯ ಪ್ರಾಥಮಿಕ ಶಾಲೆ, ಶಾಲೆಯಲ್ಲಿ ಇಪ್ಪತ್ತಮೂರು ಮಕ್ಕಳು, ಅಷ್ಟೂ ಮಕ್ಕಳಿಗೆ ಒಬ್ಬರೇ ಮಾಸ್ಟ್ರು. ಮುಖ್ಯೋಪಾಧ್ಯಾಯ, ಸಹಶಿಕ್ಷಕ, ಗುಮಾಸ್ತ, ಗಂಟೆ ಹೊಡೆಯುವವ ಎಲ್ಲವೂ ಅವರೇ ಆದ ಕಾರಣ ಶಾಲೆಯಲ್ಲಿ ಸಿಬ್ಬಂದಿಯ ಒಳಜಗಳ ಎಂಬುದೇ ಇರಲಿಲ್ಲ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಒಂದು ಕೆಂಪು ಶಾಯಿಯ ಗೆರೆಯೂ ಬೀಳದೆ ಬಂದಿದ್ದ ಅವರಿಗೆ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು ಬಾಕಿ. "ಈ ಹನ್ನೊಂದು ತಿಂಗಳು ಯಾರ ಕಣ್ಣಿಗೂ ಬೀಳದೆ ಕಳೆದರೆ ಸಾಕು" ಎಂದು ಹೆಂಡತಿ ನೀಲಾವತಿಯ ಹತ್ತಿರ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಆಗ ಬಂತು ಇಲಾಖೆಯ ಆದೇಶ. ಪ್ರತಿಯೊಬ್ಬ ಶಿಕ್ಷಕರೂ ತಮ್ಮ ಪಾಠಗಳನ್ನು ಮೊಬೈಲಿನಲ್ಲಿ ತಯಾರಿಸಿ, ಟಿವಿ ಇರುವ ಶಾಲೆಗಳಲ್ಲಿ ಅದರ ಮೂಲಕ ಬೋಧಿಸಿ, ತಿಂಗಳಿಗೊಮ್ಮೆ ವರದಿ ಕಳುಹಿಸಬೇಕು.

ನಮ್ಮ ಶಾಲೆಯಲ್ಲಿ ಟಿವಿ ಇತ್ತು. ಕಡಲಾಚೆಯ ಜುಬೈಲಿನಲ್ಲಿ ಕೆಲಸದಲ್ಲಿರುವ ಅಬ್ದುಲ್ ರಹಿಮಾನ್ ಕಳೆದ ರಜೆಯಲ್ಲಿ ಬಂದಾಗ ಎರಡು ದೊಡ್ಡ ಟಿವಿ ಕೊಂಡಿದ್ದ. ಒಂದು ತಾಯಿ ರುಖಿಯಮ್ಮನಿಗೆ, ಇನ್ನೊಂದು ತಾನು ಕಲಿತ ಶಾಲೆಗೆ. ಕೊಡುವುದರಲ್ಲಿ ಭೇದ ಮಾಡುವವನಲ್ಲ; ಎರಡೂ ಒಂದೇ ಕಂಪೆನಿಯದ್ದು, ಒಂದೇ ಅಳತೆಯದ್ದು. ಅವನ ಮನೆಗೂ ಶಾಲೆಗೂ ನಡುವೆ ಒಂದೇ ಕಂಪೌಂಡು ಗೋಡೆ. ಬೇಸಿಗೆಯಲ್ಲಿ ಶಾಲೆಯ ಬಾವಿಯಿಂದ ಅವರಿಗೆ ನೀರು ಹೋಗುತ್ತಿತ್ತು, ವರ್ಷವಿಡೀ ಅವರ ಮನೆಯಿಂದ ಶಾಲೆಗೆ ವೈಫೈ ಬರುತ್ತಿತ್ತು. ಪಾಸ್‌ವರ್ಡನ್ನು ರಹಿಮಾನನ ಹೆಂಡತಿ ಸಾಲಿಹಾ ಮಾಸ್ಟ್ರ ಫೋನಿಗೆ ಹಾಕಿಕೊಟ್ಟಿದ್ದಳು. ಶಾಲೆಯ ಟಿವಿಗೂ ಅದನ್ನು ಹಾಕಬೇಕು ಎಂಬ ಸಂಗತಿ ಮಾತ್ರ ಯಾರ ತಲೆಗೂ ಹೋಗಲಿಲ್ಲ.

ಮೂಡುಬಿದಿರೆಯಲ್ಲಿ ಒಂದು ದಿನದ ತರಬೇತಿ ನಡೆಯಿತು. ಊಟಕ್ಕೆ ಹೋಳಿಗೆ ಇತ್ತು. ಮೂರು ಹೋಳಿಗೆಯ ನಂತರದ ತರಬೇತಿಯನ್ನು ಮಾಸ್ಟ್ರು ಕಣ್ಣು ಮುಚ್ಚಿಕೊಂಡು ಪಡೆದರು. ಫೋನಿನ ಯಾವ ಚಿತ್ರವನ್ನು ಒತ್ತಿದರೆ ಅದು ಟಿವಿಗೆ ಜೋಡಿಸಿಕೊಳ್ಳುತ್ತದೆ ಎಂಬಲ್ಲಿಯವರೆಗೆ ಎಚ್ಚರವಿತ್ತು. ಮತ್ತೆ ಎಚ್ಚರವಾದದ್ದು ಚಹಾ ಬಂದಾಗ. ನಡುವೆ ತಪ್ಪಿಹೋದದ್ದನ್ನು ಅವರು ಸ್ವಂತ ಅನುಭವದಿಂದ ತುಂಬಿಸಿಕೊಂಡರು. ಯಂತ್ರಗಳ ಬಗ್ಗೆ ಅವರ ಅನುಭವವೆಂದರೆ ಮನೆಯ ನೀರಿನ ಪಂಪು. ಪಂಪಿನ ಸ್ವಿಚ್ಚು ಹಾಕಿದ ಕೂಡಲೇ ಬಚ್ಚಲಿನ ನಳ್ಳಿಯಲ್ಲಿ ನೀರು ಬರುತ್ತದೆಯೇ? ಮೊದಲು ಟ್ಯಾಂಕಿ ತುಂಬಬೇಕು. ಟಿವಿಯೂ ಹಾಗೆಯೇ. ದಿನಕ್ಕೊಂದು ಪಾಠವನ್ನು ಫೋನಿನಿಂದ ಅದಕ್ಕೆ ಹತ್ತಿಸುವುದು; ತುಂಬಿದ ಮೇಲೆ ಮಕ್ಕಳಿಗೆ ಒಮ್ಮೆಗೇ ಬಿಡುವುದು.

ಜೂನ್ ತಿಂಗಳಲ್ಲಿ ಕೆಲಸ ಸುರುವಾಯಿತು. ರಾತ್ರಿ ಊಟಕ್ಕೆ ಮೊದಲು ಮಾಸ್ಟ್ರು ಮನೆಯ ಬಾಗಿಲಿಗೆ ಸೀಮೆಸುಣ್ಣದಿಂದ ಬರೆದು ಪಾಠ ಮಾಡುವುದು, ನೀಲಾವತಿ ಫೋನು ಹಿಡಿಯುವುದು. ಅಕ್ಷರ ಕಲಿಸುವ ಕ್ರಮದಂತೆ ಮೊದಲು ರ, ಆಮೇಲೆ ಗ, ಸ, ದ. ಪಾಠದ ನಡುವೆ "ಮೋರೆ ಸ್ವಲ್ಪ ಈಚೆ ಮಾಡಿ" ಎಂದೋ "ಕುಕ್ಕರ್ ಕೂಗಿತು, ಬೇಗ ಮುಗಿಸಿ" ಎಂದೋ ನೀಲಾವತಿಯ ಸ್ವರ ಬರುತ್ತಿತ್ತು. ಮಾರನೆಯ ದಿನ ಮಧ್ಯಾಹ್ನ ಎರಡೂವರೆಗೆ ಸರಿಯಾಗಿ ಮಾಸ್ಟ್ರು ತರಗತಿಯಲ್ಲಿ ನಿಂತು ಫೋನು ಒತ್ತುವರು. "ಟಿವಿಗೆ ಸಂಪರ್ಕಗೊಂಡಿದೆ" ಎಂದು ಫೋನು ಹೇಳುವುದು. ಅವರು ಪಾಠವನ್ನು ಬಿಟ್ಟು, ಫೋನನ್ನು ಮೇಜಿನ ಮೇಲಿಟ್ಟು, ಕೈಕಟ್ಟಿ ಕೂರುವರು. ಗೋಡೆಯ ಟಿವಿ ನೀಲಿಯಾಗಿ ಸುಮ್ಮನೆ ಇರುವುದು. ಪಾಠ ಹತ್ತಿ ಮುಗಿದ ಮೇಲೆ ಅದೇ ಪಾಠವನ್ನು ಕರಿಹಲಗೆಯಲ್ಲಿ ಮಾಡುವರು. ಮಕ್ಕಳಿಗೆ ನಷ್ಟವೇನೂ ಇರಲಿಲ್ಲ.

ಎರಡನೇ ಕ್ಲಾಸಿನ ಪ್ರಾಪ್ತಿ ಎಂಬ ಹುಡುಗಿ ಒಮ್ಮೆ ಎದ್ದು ಕೇಳಿದಳು. "ಸರ್, ಟಿವಿಯಲ್ಲಿ ಎಂತದೂ ಕಾಣುದಿಲ್ಲ."

"ತುಂಬ್ತಾ ಉಂಟು. ಗಲಾಟೆ ಮಾಡಬೇಡಿ" ಎಂದರು ಮಾಸ್ಟ್ರು.

ಓದುಗರಿಗೆ ಈಗಾಗಲೇ ಅರ್ಥವಾಗಿರಬಹುದು. ಆ ವೈಫೈಗೆ ಸೇರಿದ ಟಿವಿ ನಮ್ಮ ಊರಿನಲ್ಲಿ ಒಂದೇ ಒಂದು. ಅದು ಕಂಪೌಂಡಿನ ಆಚೆ, ರುಖಿಯಮ್ಮನ ಮನೆಯ ಚಾವಡಿಯಲ್ಲಿ ಇತ್ತು.

ಮೊದಲ ದಿನ ರುಖಿಯಮ್ಮ ಊಟ ಮುಗಿಸಿ ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತ ಅಡುಗೆಯ ಕಾರ್ಯಕ್ರಮ ನೋಡುತ್ತಿದ್ದರು. ಬಿರಿಯಾನಿಗೆ ದಮ್ ಕೊಡುವ ಹೊತ್ತಿಗೆ ಟಿವಿಯಲ್ಲಿ ಒಂದು ಚೌಕಟ್ಟು ಬಂದು ಏನೋ ಅನುಮತಿ ಕೇಳಿತು. ಏನು ಕೇಳಿದರೂ ರಿಮೋಟಿನ ನಡುವಿನ ಗುಂಡಿ ಒತ್ತಬೇಕು ಎಂದು ಮಗ ಹೇಳಿಕೊಟ್ಟಿದ್ದ. ಒತ್ತಿದರು. ಬಿರಿಯಾನಿ ಹೋಯಿತು, ಜತ್ತಪ್ಪ ಮಾಸ್ಟ್ರು ಬಂದರು. "ಮಕ್ಕಳೇ, ಇವತ್ತು ನಾವು ರ ಬರೆಯುವ" ಎಂದರು.

ರುಖಿಯಮ್ಮ ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡು ನೆಟ್ಟಗೆ ಕೂತರು. ಶಾಲೆಯ ಗೋಡೆಗೆ ತಾಗಿಕೊಂಡು ನಲವತ್ತೈದು ವರ್ಷ ಬಾಳಿದರೂ ಅವರು ಶಾಲೆಯೊಳಗೆ ಕಾಲಿಟ್ಟದ್ದು ಚುನಾವಣೆಯ ದಿನಗಳಲ್ಲಿ ಮಾತ್ರ. ಅಲ್ಲಿಯೂ ಹೆಬ್ಬೆಟ್ಟು ಒತ್ತಿ ಬರುತ್ತಿದ್ದರು. ಈಗ ಮಾಸ್ಟ್ರೇ ಮನೆಗೆ ಬಂದು "ಬರೆಯುವ" ಎನ್ನುವಾಗ ಎದ್ದು ಹೋಗುವುದು ಮರ್ಯಾದೆಯಲ್ಲ ಎನಿಸಿತು.

ಎರಡು ವಾರದಲ್ಲಿ ಆ ಚಾವಡಿಯಲ್ಲಿ ಮಧ್ಯಾಹ್ನ ಎರಡೂವರೆಗೆ ಒಂಬತ್ತು ಹೆಂಗಸರು ಕೂರತೊಡಗಿದರು. ಬೀಡಿ ಕಟ್ಟುವವರು ಎಲೆ, ತಂಬಾಕು ಇಟ್ಟ ಮೊರದಂಥ ಸೂಪು ಹಿಡಿದುಕೊಂಡೇ ಬಂದರು. ನಡುನಡುವೆ ಮಾಸ್ಟ್ರ ಚಿತ್ರದ ಮೇಲೆ ಕನ್ನಡದಲ್ಲಿ ಒಂದೆರಡು ಸಾಲು ಮೂಡಿ ಮಾಯವಾಗುತ್ತಿತ್ತು. ಸಾಲಿಹಾ ಓದಿ ಹೇಳುವಳು: "ಬರುವಾಗ ಬಂಗುಡೆ ಒಂದು ಕಿಲೋ ತನ್ನಿ."

"ಅದು ಜಾಹೀರಾತು" ಎಂದು ರುಖಿಯಮ್ಮ ಉಳಿದವರಿಗೆ ವಿವರಿಸಿದರು. "ಟಿವಿ ಎಂದ ಮೇಲೆ ಜಾಹೀರಾತು ಇಲ್ಲದೆ ನಡೀತದಾ?"

ಸಾಲಿಹಾ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದಳು.

ಒಂದು ಸಂಜೆ ಕಂಪೌಂಡಿನ ಆಚೆಯಿಂದ ರುಖಿಯಮ್ಮ ಕರೆದು ಹೇಳಿದರು. "ಮಾಸ್ಟ್ರೇ, ಟಿವಿಯಲ್ಲಿ ನಿಮ್ಮದು ಭಾರಿ ಲಾಯ್ಕ ಬರ್ತಾ ಉಂಟು. ನಾವೆಲ್ಲ ದಿನಾ ನೋಡ್ತೇವೆ. ಆ ನೀಲಿ ಅಂಗಿಯದ್ದು ಮಾತ್ರ ಬೇಡ, ಕಪ್ಪು ಕಾಣ್ತೀರಿ."

ಮಾಸ್ಟ್ರು ಗೋಡೆಯ ಹತ್ತಿರ ಬಂದರು. ವರದಿಯ ಜೊತೆ ಒಂದು ಪಾಠವನ್ನು ಅವರು ಇಲಾಖೆಯ ವಾಟ್ಸಾಪ್ ಗುಂಪಿಗೆ ಕಳುಹಿಸಿದ್ದು ನಿಜ. ಯಾರೂ ಹೆಬ್ಬೆರಳು ಸಹ ತೋರಿಸಿರಲಿಲ್ಲ. ಮೇಲಿನವರು ಮಾತಾಡದೆ ಇದ್ದರೆ ಏನೋ ದೊಡ್ಡದನ್ನು ಮಾಡುತ್ತಿದ್ದಾರೆ ಎಂದರ್ಥ. ಇದು ಸರಕಾರಿ ಸೇವೆಯಲ್ಲಿರುವವರಿಗೆಲ್ಲ ಗೊತ್ತು. ಯಾವುದೋ ವಾಹಿನಿಗೆ ಕೊಟ್ಟುಬಿಟ್ಟಿದ್ದಾರೆ! ನನಗೇನೂ ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಅವರನ್ನು ಲಾಯ್ಕ ಎಂದಿರಲಿಲ್ಲ.

"ಹೌದು, ಮೇಲಿನವರು ಒತ್ತಾಯ ಮಾಡಿದರು. ಬೇಡ ಎಂದೆ, ಕೇಳಲಿಲ್ಲ" ಎಂದುಬಿಟ್ಟರು.

ಮನೆಗೆ ಬಂದು ನೀಲಾವತಿಗೆ ಹೇಳಿದರು. ಆಕೆ ಕೂಡಲೇ ಮನೆಯ ಹಳೆಯ ಟಿವಿ ಹಾಕಿ ಇನ್ನೂರು ಚಾನೆಲ್ಲು ತಿರುಗಿಸಿದರು. ಜ್ಯೋತಿಷಿಗಳು ಸಿಕ್ಕಿದರು, ಕುಕ್ಕರ್ ಮಾರುವವರು ಸಿಕ್ಕಿದರು, ಗಂಡ ಸಿಗಲಿಲ್ಲ.

"ನಮ್ಮದು ಡಿಶ್. ಅವರದ್ದು ಇಂಟರ್ನೆಟ್ ಟಿವಿ. ಅದರಲ್ಲಿ ದೊಡ್ಡ ಚಾನೆಲ್ ಬರ್ತದೆ" ಎಂದು ಮಾಸ್ಟ್ರು ಸಮಾಧಾನ ಹೇಳಿದರು. ಅಂದಿನಿಂದ ಪಾಠದ ಮೊದಲು ಪೌಡರ್ ಹಾಕತೊಡಗಿದರು.

ಇಷ್ಟರಲ್ಲಿ ಮೀನಿನ ಉಮ್ಮರ್‌ಗೆ ಒಂದು ವಿಷಯ ಗಮನಕ್ಕೆ ಬಂತು. ಅವನು ದಿನಾ ಸಂಜೆ ನಾಲ್ಕಕ್ಕೆ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತ ಬರುವವ. ಕೆಲವು ದಿನ ಊರಿನ ಹೆಂಗಸರೆಲ್ಲ ಒಟ್ಟಿಗೆ ಬಂಗುಡೆ ಕೇಳುತ್ತಾರೆ, ಕೆಲವು ದಿನ ಒಟ್ಟಿಗೆ ಸಿಗಡಿ ಕೇಳುತ್ತಾರೆ. ವಿಚಾರಿಸಿದಾಗ ಟಿವಿಯಲ್ಲಿ ಹೇಳಿದ್ದು ಎಂದರು. ಮರುದಿನವೇ ಅವನು ಶಾಲೆಯ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದ.

"ಮಾಸ್ಟ್ರೇ, ನಿಮ್ಮಿಂದ ಒಂದು ಉಪಕಾರ ಆಗಬೇಕು. ನನ್ನತ್ರ ಬೂತಾಯಿ ಎರಡು ಬುಟ್ಟಿ ಬಾಕಿ ಆಗಿದೆ. ನಾಳೆ ಟಿವಿಯಲ್ಲಿ ಒಮ್ಮೆ ಬೂತಾಯಿ ಎಂದು ಹಾಕಿಸ್ತೀರಾ?"

ಮಾಸ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಟಿವಿಯವರು ಎಂದ ಮೇಲೆ ಜನ ಏನೇನೋ ಕೇಳಿಕೊಂಡು ಬರುತ್ತಾರೆ. "ನೋಡುವ" ಎಂದರು ಗಂಭೀರವಾಗಿ. ಆಮೇಲೆ ಕೇಳಿದರು. "ಅದಿರಲಿ ಮಾರಾಯ, ನನಗೆ ಒಂದು ಕಿಲೋ ಬಂಗುಡೆ ಕೊಡು."

"ಬಂಗುಡೆ ನಿನ್ನೆ ನೀವು ಹೇಳಿದ ಕೂಡಲೇ ಖಾಲಿ ಆಯಿತಲ್ಲ!" ಎಂದ ಉಮ್ಮರ್.

ನೀಲಾವತಿ ಬಂಗುಡೆ ಹೇಳಿದ ದಿನವೆಲ್ಲ ಬಂಗುಡೆ ಏಕೆ ಸಿಗುವುದಿಲ್ಲ ಎಂಬುದು ಆ ಮನೆಯ ಬಿಡಿಸದ ಒಗಟಾಗಿತ್ತು.

ತನ್ನನ್ನು ತಾನು ಒಮ್ಮೆಯಾದರೂ ಟಿವಿಯಲ್ಲಿ ನೋಡಬೇಕು ಎಂಬ ಆಸೆ ಮಾಸ್ಟ್ರಿಗೆ ಹುಟ್ಟಿತು. ಕಾರ್ಯಕ್ರಮ ಬರುವುದು ಎರಡೂವರೆಗೆ. ಅದೇ ಹೊತ್ತಿಗೆ ಶಾಲೆಯಲ್ಲಿ ಟಿವಿ ತುಂಬಿಸುವ ಕೆಲಸ. ಕೊನೆಗೆ ಆಗಸ್ಟ್ ಹನ್ನೆರಡಕ್ಕೆ ಒಂದು ದಿನದ ರಜೆ ಹಾಕಿದರು. ಬದಲಿಗೆ ಪಕ್ಕದ ಶಾಲೆಯಿಂದ ಒಬ್ಬ ಟೀಚರ್ ಬಂದರು. ಮಾಸ್ಟ್ರು ಇಸ್ತ್ರಿ ಅಂಗಿ ಹಾಕಿ, ನೀಲಾವತಿಯನ್ನು ಕರೆದುಕೊಂಡು, ಎರಡಕ್ಕೇ ರುಖಿಯಮ್ಮನ ಚಾವಡಿಯ ಮುಂದಿನ ಕುರ್ಚಿಯಲ್ಲಿ ಕೂತರು.

ಎರಡೂವರೆ ಆಯಿತು. ಬಿರಿಯಾನಿ ಬಂತು. ಎರಡು ಮುಕ್ಕಾಲು ಆಯಿತು. ಬಿರಿಯಾನಿಗೆ ದಮ್ ಕೊಟ್ಟರು. ಮೂರಕ್ಕೆ ಬಿರಿಯಾನಿ ತಿಂದು ಮುಗಿಸಿದರು. ಮಾಸ್ಟ್ರು ಬರಲಿಲ್ಲ.

"ಇವತ್ತು ಪ್ರಸಾರ ಇಲ್ಲ ಅಂತ ಕಾಣ್ತದೆ" ಎಂದರು ಮಾಸ್ಟ್ರು, ಹಣೆ ಒರೆಸಿಕೊಂಡು.

ರುಖಿಯಮ್ಮ ನಕ್ಕರು. "ನೀವು ಇಲ್ಲಿ ಬಂದು ಕೂತರೆ ಟಿವಿಯಲ್ಲಿ ಬರುದು ಯಾರು, ಮಾಸ್ಟ್ರೇ?"

ಇಡೀ ಪ್ರಕರಣದಲ್ಲಿ ಸತ್ಯವನ್ನು ಇಷ್ಟು ಸರಿಯಾಗಿ ಹೇಳಿದವರು ಬೇರೆ ಯಾರೂ ಇಲ್ಲ. ಆದರೆ ಎಲ್ಲರೂ ಅದನ್ನು ತಮಾಷೆ ಎಂದುಕೊಂಡು ಚಹಾ ಕುಡಿದರು.

ಕೀರ್ತಿ ವಿಟ್ಲದವರೆಗೆ ಹೋಯಿತು. ಅಲ್ಲಿಂದ ನೀಲಾವತಿಯ ಅಣ್ಣ ಸಂಕಪ್ಪ ಒಂದು ಗೊನೆ ನೇಂದ್ರ ಬಾಳೆ ಹಿಡಿದು ಬಂದಿಳಿದ. ಹತ್ತು ವರ್ಷದಿಂದ ಈ ಮನೆಯ ಮೆಟ್ಟಿಲು ಹತ್ತದವನು.

"ಬಾವ, ನಮ್ಮ ಸಾತ್ವಿಕಾ ಭರತನಾಟ್ಯ ಲಾಯ್ಕ ಮಾಡ್ತಾಳೆ. ಎರಡೂವರೆಗೆ ನೀವು, ಎರಡು ಮುಕ್ಕಾಲಿಗೆ ಅವಳು. ಹೇಗೂ ಜನ ಕೂತಿರ್ತಾರೆ, ಎದ್ದು ಹೋಗುದಿಲ್ಲ."

"ನೋಡುವ" ಎಂದರು ಮಾಸ್ಟ್ರು. ಬಾಳೆಗೊನೆಯನ್ನು ನೀಲಾವತಿ ಒಳಗೆ ಇಟ್ಟಾಗಿತ್ತು.

ಮೊಸರುಕುಡಿಕೆ ಹಬ್ಬದ ದಿನ ಯುವಕ ಮಂಡಲದವರು ಮಾಸ್ಟ್ರಿಗೆ ಸನ್ಮಾನ ಮಾಡಿದರು. ನಮ್ಮ ಕಡೆ ಒಬ್ಬ ಮನುಷ್ಯ ಎರಡು ಕೆಲಸ ಒಟ್ಟಿಗೆ ಸರಿಯಾಗಿ ಮಾಡಿದರೆ ಸನ್ಮಾನ ತಪ್ಪಿಸಿಕೊಳ್ಳುವುದು ಕಷ್ಟ. ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಮೂರು ಜನರ ಅಭಿನಂದನಾ ಭಾಷಣ. ಕಕ್ಕಿಂಜೆ ಪೇಟೆಯಲ್ಲಿ ಹತ್ತು ಅಡಿಯ ಫ್ಲೆಕ್ಸ್ ಎದ್ದಿತು: "ಪ್ರತಿದಿನ ಮಧ್ಯಾಹ್ನ 2.30ಕ್ಕೆ ಟಿವಿಯಲ್ಲಿ ಮಿಂಚುತ್ತಿರುವ ನಮ್ಮೂರ ಹೆಮ್ಮೆ, ಶ್ರೀ ಜತ್ತಪ್ಪ ಗೌಡರಿಗೆ ಅಭಿನಂದನೆಗಳು." ಫೋಟೋದಲ್ಲಿ ಮಾಸ್ಟ್ರಿಗೆ ಕಪ್ಪು ಕನ್ನಡಕ ಹಾಕಿದ್ದರು. ಅದು ಅವರದ್ದಲ್ಲ, ಫ್ಲೆಕ್ಸಿನವನ ಸ್ವಂತ ಉತ್ಸಾಹ.

ಯಾರ ಕಣ್ಣಿಗೂ ಬೀಳದೆ ಹನ್ನೊಂದು ತಿಂಗಳು ಕಳೆಯಬೇಕಿದ್ದ ಮನುಷ್ಯ ಹೀಗೆ ಹತ್ತು ಅಡಿ ಎತ್ತರದಲ್ಲಿ ರಸ್ತೆಗೆ ಮುಖ ಮಾಡಿ ನಿಂತ. ಆ ರಸ್ತೆಯಲ್ಲಿ ಇಲಾಖೆಯ ಜೀಪೂ ಓಡಾಡುತ್ತದೆ.

ಒಂದು ವಾರದಲ್ಲಿ ನೋಟಿಸು ಬಂತು. ಮಾಸ್ಟ್ರು ಅದನ್ನು ನಿಂತು ಓದಿದರು, ಕೂತು ಓದಿದರು, ಆಮೇಲೆ ಮಲಗಿದರು. ನೀಲಾವತಿ ಗಟ್ಟಿಯಾಗಿ ಓದಿದರು. "ಸರಕಾರಿ ನೌಕರರಾದ ತಾವು ಪೂರ್ವಾನುಮತಿ ಇಲ್ಲದೆ ಖಾಸಗಿ ವಾಹಿನಿಯಲ್ಲಿ ಪ್ರತಿದಿನ 2.30ಕ್ಕೆ ಕಾರ್ಯಕ್ರಮ ನೀಡುತ್ತಿರುವುದು ತಿಳಿದುಬಂದಿದೆ. ಸದರಿ ಸಮಯದಲ್ಲಿ ತಾವು ಶಾಲೆಯಲ್ಲಿ ಹಾಜರಿರುವುದಾಗಿ ಹಾಜರಿ ಪುಸ್ತಕ ಹೇಳುತ್ತದೆ. 2.30ಕ್ಕೆ ತಾವು ಶಾಲೆಯಲ್ಲಿದ್ದಿರೋ ಟಿವಿಯಲ್ಲಿದ್ದಿರೋ ಎಂಬ ಬಗ್ಗೆ ವಿಚಾರಣೆ ನಡೆಸಲಾಗುವುದು. ಆರೋಪ ಸಾಬೀತಾದಲ್ಲಿ ನಿವೃತ್ತಿ ಸೌಲಭ್ಯಗಳನ್ನು ತಡೆಹಿಡಿಯಲಾಗುವುದು."

"ನೀವು ಎಲ್ಲಿದ್ದಿರಿ ಮಾರಾಯ್ರೇ?" ಎಂದು ನೀಲಾವತಿಯೇ ಕೇಳಿದರು.

"ಶಾಲೆಯಲ್ಲೇ ಇದ್ದೆ. ಆದರೆ ಟಿವಿಯಲ್ಲಿ ನೋಡಿದವರು ಒಂಬತ್ತು ಜನ ಇದ್ದಾರೆ. ಶಾಲೆಯಲ್ಲಿ ನೋಡಿದವರು ಮಕ್ಕಳು ಮಾತ್ರ." ಮಾಸ್ಟ್ರು ಗೋಡೆಯ ಕಡೆ ಹೊರಳಿದರು. "ಪೆನ್ಶನ್ ಹೋಯಿತು ನೀಲಾ. ಹೊಗಳಿಕೆಗೆ ಬಾಯಿಬಿಟ್ಟೆ, ಅದಕ್ಕೆ ಇದು."

ವಿಚಾರಣೆಗೆ ಬಂದವರು ಇಲಾಖೆಯ ಅಧಿಕಾರಿ ಕಾಂತಿ ಮೇಡಂ. ಶಿಶಿರ್ ಎಂಬ ಗುಮಾಸ್ತನ ಕೈಯಲ್ಲಿ ಕಡತ, ಸಾಕ್ಷಿಗಳ ಹೆಬ್ಬೆಟ್ಟಿಗೆ ಬೇಕಾಗಬಹುದೆಂದು ಶಾಯಿಯ ಪ್ಯಾಡು. ಮೇಡಂ ನಗದೆ ಇರುವುದಕ್ಕೆ ಇಲಾಖೆಯಲ್ಲಿ ಪ್ರಸಿದ್ಧರು. ಅವರ ಏರ್ಪಾಡು ಸರಳವಾಗಿತ್ತು.

"ಶಿಶಿರ್, ನೀವು ಎರಡೂವರೆಗೆ ಇವರ ಕ್ಲಾಸಿನ ಬಾಗಿಲಲ್ಲಿ ನಿಲ್ಲಿ. ನಾನು ಪಕ್ಕದ ಮನೆಯಲ್ಲಿ ಟಿವಿ ನೋಡ್ತೇನೆ. ಮಾಸ್ಟ್ರೇ, ನೀವು ದಿನಾ ಎಂತ ಮಾಡ್ತೀರೋ ಅದನ್ನೇ ಮಾಡಿ."

ರುಖಿಯಮ್ಮನ ಮನೆಯಲ್ಲಿ ಅಧಿಕಾರಿ ಬರುತ್ತಾರೆಂದು ಬೆಳಗ್ಗಿನಿಂದ ಅಕ್ಕಿರೊಟ್ಟಿಯಂಥ ಪತ್ತಿರಿ, ಕೋಳಿ ಸಾರು; ಪರಿಮಳ ಶಾಲೆಯವರೆಗೂ ಬಂದಿತ್ತು. ಬೇಡ ಬೇಡ ಎಂದರೂ ಮೇಡಮಿನ ಮುಂದೆ ತಟ್ಟೆ ಬಂತು, ಪಕ್ಕದಲ್ಲಿ ಜುಬೈಲಿನ ಖರ್ಜೂರ ಬಂತು. ಒಂಬತ್ತು ಹೆಂಗಸರೂ ತಮ್ಮ ತಮ್ಮ ಜಾಗದಲ್ಲಿ ಕೂತರು.

ಎರಡೂವರೆ. ಟಿವಿ ಒಮ್ಮೆ ಕಪ್ಪಾಗಿ, ಮಾಸ್ಟ್ರು ಬಂದರು. ಮೇಡಂ ಕೂಡಲೇ ಶಿಶಿರನಿಗೆ ಫೋನು ಮಾಡಿದರು. "ಮಾಸ್ಟ್ರು ಎಲ್ಲಿದ್ದಾರೆ?"

"ನನ್ನೆದುರು ಕೈಕಟ್ಟಿ ಕೂತಿದ್ದಾರೆ ಮೇಡಂ."

"ಇಲ್ಲಿ ಛತ್ರಿ ಹಿಡಿದು ನಿಂತಿದ್ದಾರೆ" ಎಂದರು ಮೇಡಂ. ಅವರ ಹುಬ್ಬು ಮೇಲೇರಿತು.

ಆಗ ಟಿವಿಯಲ್ಲಿ ಮಾಸ್ಟ್ರ ತಲೆಯ ಮೇಲೆ ಒಂದು ಸಾಲು ಮೂಡಿತು: "ಮೇಡಂ ಬಂದರಾ? ಹೇಗಿದ್ದಾರೆ?"

ಛತ್ರಿ ಮಾಯವಾಯಿತು. ಬಿಳಿಯ ಪುಟವೊಂದು ತೆರೆಯಿತು. ಅದರ ಬುಡದಲ್ಲಿ ಒಂದೊಂದೇ ಅಕ್ಷರ ಹುಟ್ಟತೊಡಗಿತು. ಶಾಲೆಯಲ್ಲಿ ಮಾಸ್ಟ್ರು, ಬಾಗಿಲಲ್ಲಿ ನಿಂತ ಶಿಶಿರನ ಕಣ್ಣು ತಪ್ಪಿಸಿ, ಮೇಜಿನ ಕೆಳಗೆ ಒಂದೇ ಬೆರಳಿನಲ್ಲಿ ಹೆಂಡತಿಗೆ ಉತ್ತರ ಬರೆಯುತ್ತಿದ್ದರು. ಸಾಲಿಹಾ ರಿಮೋಟ್ ಹುಡುಕಿದಳು. ರಿಮೋಟ್ ರುಖಿಯಮ್ಮನ ಮಡಿಲಲ್ಲಿತ್ತು, ರುಖಿಯಮ್ಮನ ಕಣ್ಣು ಟಿವಿಯಲ್ಲಿತ್ತು. ಅವರು ಕನ್ನಡಕ ಏರಿಸಿ, ಬೆರಳು ಮುಂದೆ ಮಾಡಿ, ಗಟ್ಟಿಯಾಗಿ ಓದಲು ಸುರು ಮಾಡಿದರು.

"ಬಂ... ದಿ... ದ್ದಾ... ರೆ. ಬಂದಿದ್ದಾರೆ."

ಮಾಸ್ಟ್ರ ಬೆರಳಿನ ವೇಗವೂ ರುಖಿಯಮ್ಮನ ಓದಿನ ವೇಗವೂ ಸರಿಸಮವಾಗಿತ್ತು. ಅಕ್ಷರ ಬಿದ್ದ ಹಾಗೆ ಓದು ಬಂತು.

"ಮೋ... ರೆ. ಮೋರೆ. ಹು... ಳಿ. ಹುಳಿ ಅಂ... ಬ... ಟೆ. ಮೋರೆ ಹುಳಿ ಅಂಬಟೆ ತಿಂ... ದ ಹಾ... ಗೆ ಉಂ... ಟು."

"ಉಮ್ಮ, ಸಾಕು" ಎಂದಳು ಸಾಲಿಹಾ.

"ಇರು ಮಗಳೇ, ಇನ್ನೂ ಉಂಟು! ಪ... ತ್ತಿ... ರಿ. ಪತ್ತಿರಿ ಹೊ... ಟ್ಟೆ... ಗೆ ಹೋ... ದ... ರೆ ಸ್ವ... ಲ್ಪ ತ... ಣ್ಣ... ಗಾ... ಗ... ಬ... ಹು... ದು." ರುಖಿಯಮ್ಮ ಬೆವರು ಒರೆಸಿಕೊಂಡು, ಗೆದ್ದವರಂತೆ ತಿರುಗಿದರು. "ನೋಡಿ ಮೇಡಂ, ಇದು ಜಾಹೀರಾತು. ಮೊದಲೆಲ್ಲ ಸಾಲಿಹಾ ಓದಿ ಹೇಳ್ಬೇಕಿತ್ತು. ಇವತ್ತು ಪೂರಾ ನಾನೇ ಓದಿದೆ!"

ಮೇಡಮಿನ ಕೈಯಲ್ಲಿ ಪತ್ತಿರಿಯ ತುಂಡು ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು. ಅವರು ಟಿವಿಯನ್ನು ನೋಡಿದರು, ರುಖಿಯಮ್ಮನನ್ನು ನೋಡಿದರು.

"ನೀವು ಎಷ್ಟನೇ ಕ್ಲಾಸಿನವರೆಗೆ ಕಲಿತದ್ದು?"

"ನಾನು ಶಾಲೆಗೇ ಹೋಗಲಿಲ್ಲ ಮೇಡಂ. ಇದು ಈ ಟಿವಿ ಮಾಸ್ಟ್ರು ಕಲಿಸಿದ್ದು. ಜೂನ್‌ನಿಂದ."

ಮೇಡಂ ಸಾಲಿಹಾಳ ಕಡೆ ತಿರುಗಿದರು. "ಇದು ಅವರ ಫೋನು ಎಂದು ನಿಮಗೆ ಗೊತ್ತಿತ್ತಾ?"

ಸಾಲಿಹಾ ತಲೆ ತಗ್ಗಿಸಿದಳು. "ಮೊದಲ ವಾರವೇ ಗೊತ್ತಾಯಿತು ಮೇಡಂ. ಹೇಳಿದರೆ ಮಾಸ್ಟ್ರು ನಿಲ್ಲಿಸ್ತಾರಲ್ಲ. ಉಮ್ಮ ಕಕ್ಕಿಂಜೆಯಿಂದ ಗುಟ್ಟಿನಲ್ಲಿ ಒಂದು ಸ್ಲೇಟು ತರಿಸಿದ್ದರು. ನಾನು ನೋಡಿದರೆ ದಿಂಬಿನ ಕೆಳಗೆ ಅಡಗಿಸ್ತಿದ್ದರು. ಹೇಗೆ ಹೇಳುದು?"

ಮೇಡಂ ಶಿಶಿರನಿಗೆ ಮತ್ತೆ ಫೋನು ಮಾಡಿದರು. "ಮಾಸ್ಟ್ರನ್ನು ಕರ್ಕೊಂಡು ಬನ್ನಿ. ಫೋನು ಕೈಯಲ್ಲೇ ಇರಲಿ."

ಮಾಸ್ಟ್ರು ಗೋಡೆ ದಾಟಿ ಬಂದರು. ಚಾವಡಿಯ ಹೊಸಿಲಲ್ಲಿ ನಿಂತು ಟಿವಿ ನೋಡಿದರು. ಅಲ್ಲಿ ಅವರು ಹೆಂಡತಿಗೆ ಬರೆದದ್ದು ಗಡಿಯಾರದಷ್ಟು ದೊಡ್ಡ ಅಕ್ಷರದಲ್ಲಿ ನಿಂತಿತ್ತು. ಹೆಬ್ಬೆರಳು ಅರಿವಿಲ್ಲದೆ ಫೋನಿಗೆ ತಾಗಿತು; ಟಿವಿ ಅಲುಗಿತು. ಮತ್ತೊಮ್ಮೆ ತಾಗಿಸಿದರು, ಮತ್ತೊಮ್ಮೆ ಅಲುಗಿತು. ಅವರ ಬಾಯಿ ನಿಧಾನವಾಗಿ ತೆರೆಯಿತು.

"ದೇವರೇ! ನಾಲ್ಕು ತಿಂಗಳು ನಾನು ಪಕ್ಕದ ಮನೆಯ ಟ್ಯಾಂಕಿ ತುಂಬಿಸಿದ್ದಾ?"

ಮೇಡಮಿಗೆ ಟ್ಯಾಂಕಿಯ ಸಿದ್ಧಾಂತವನ್ನು ಪೂರ್ತಿ ವಿವರಿಸಬೇಕಾಯಿತು. ಹೋಳಿಗೆಯ ವಿಷಯವನ್ನೂ ಮುಚ್ಚಿಡಲಾಗಲಿಲ್ಲ. ಮೇಡಂ ಮೋರೆ ಬದಲಿಸದೆ ಕೇಳಿದರು. ಕೊನೆಗೆ ಶಿಶಿರನಿಗೆ ಹೇಳಿದರು. "ಸಾಕ್ಷಿಯ ಹೇಳಿಕೆ ಬರೆಯಿರಿ. ಟಿವಿಯಲ್ಲಿ ಕಂಡದ್ದು ವಾಹಿನಿಯಲ್ಲ, ಮಾಸ್ಟ್ರ ಫೋನು. ಇವರ ಒಪ್ಪಿಗೆ ತೆಗೆದುಕೊಳ್ಳಿ."

ಶಿಶಿರ್ ಬರೆದು ಮುಗಿಸಿ, ಅಭ್ಯಾಸದಂತೆ ಶಾಯಿಯ ಪ್ಯಾಡು ತೆರೆದು ರುಖಿಯಮ್ಮನ ಮುಂದಿಟ್ಟ.

ರುಖಿಯಮ್ಮ ಅದನ್ನು ಒಂದು ಬೆರಳಿನಿಂದ ಆಚೆ ದೂಡಿದರು. "ಪೆನ್ನು ಕೊಡಿ" ಎಂದರು.

ಎಲ್ಲರೂ ಹತ್ತಿರ ಸರಿದರು. ಅವರು ಕಾಗದಕ್ಕೆ ಬಾಗಿ "ರು" ಎಂದು ಬರೆದರು. ಮತ್ತೆ ನಿಂತರು. ಸ್ವಲ್ಪ ಜಾಗ ಬಿಟ್ಟು "ಯಮ್ಮ" ಎಂದು ಬರೆದರು. ನಡುವಿನ ಜಾಗ ಹಾಗೆಯೇ ಉಳಿಯಿತು. ರುಖಿಯಮ್ಮನ ಮೋರೆ ಸಣ್ಣದಾಯಿತು.

"ಆ ಒಂದು ಅಕ್ಷರ ಬಂದಿಲ್ಲ ಮೇಡಂ. ಮಾಸ್ಟ್ರು ಇಲ್ಲಿ ಬಂದು ಕೂತಿದ್ದರಲ್ಲ, ಆ ದಿನ ಅದರ ಪಾಠ ಇತ್ತು ಅಂತ ಕಾಣ್ತದೆ. ಮರುದಿನ ಸೀದಾ ಮುಂದಿನದ್ದು ಬಂತು."

ಮೇಡಂ ಕಡತ ತೆರೆದರು. "ಆಗಸ್ಟ್ ಹನ್ನೆರಡು. ಖ. ಬೋಧಿಸಲಾಗಿದೆ" ಎಂದು ಓದಿ, ತಲೆ ಎತ್ತಿದರು. "ಮಾಸ್ಟ್ರೇ, ಆ ದಿನ ನೀವು ರಜೆಯಲ್ಲಿ ಇದ್ದಿರಿ."

ಈಗಷ್ಟೇ ಬದುಕಿದೆ ಎಂದುಕೊಂಡಿದ್ದ ಮಾಸ್ಟ್ರು ಗೋಡೆಗೆ ಒರಗಿದರು. "ವರದಿಯನ್ನು... ಜೂನ್‌ನಲ್ಲೇ ವರ್ಷದ್ದು ಪೂರಾ ತುಂಬಿಸಿದ್ದೆ, ಮೇಡಂ. ಮರುದಿನ ಮಾಡಿದರೆ ವರದಿ ತಪ್ಪಾಗ್ತದೆ ಎಂದು ಬಿಟ್ಟೆ."

ಮೇಡಂ ಕಡತವನ್ನೂ, ಕಾಗದದ ನಡುವಿನ ಖಾಲಿ ಜಾಗವನ್ನೂ, ಅದರ ಮೇಲೆ ಪೆನ್ನು ಹಿಡಿದು ಕಾಯುತ್ತಿದ್ದ ಮುದುಕಿಯ ಕೈಯನ್ನೂ ನೋಡಿದರು.

"ವರದಿ ಸುಳ್ಳಾಗಬಾರದು" ಎಂದರು. "ಕಲಿಸಿ. ಈಗಲೇ."

ಮಾಸ್ಟ್ರು ನೆಲದ ಮೇಲೆ ಕೂತರು. ಸಾಲಿಹಾ ಒಳಗೆ ಓಡಿ ದಿಂಬಿನ ಕೆಳಗಿನ ಸ್ಲೇಟು ತಂದಳು. ಮಾಸ್ಟ್ರು ತಟ್ಟೆಯಿಂದ ಒಂದು ಖರ್ಜೂರ ಎತ್ತಿ ಹಿಡಿದರು. ಪೌಡರ್ ಇಲ್ಲ, ನೀಲಾವತಿ ಹಿಡಿದ ಫೋನು ಇಲ್ಲ. ಮೂವತ್ತನಾಲ್ಕು ವರ್ಷ ಕಲಿಸಿದ ಸ್ವರ ತಾನಾಗಿ ಬಂತು.

"ಖರ್ಜೂರದ ಖ, ರುಖಿಯಮ್ಮ. ಇಲ್ಲಿಂದ ಸುರು ಮಾಡುವ. ಹೀಗೆ ಸುತ್ತಿ, ಹೀಗೆ ಇಳಿಸಿ. ಅದಕ್ಕೆ ಗುಡಿಸು ಕೊಟ್ಟರೆ ಖಿ."

ಮೂರು ಸಲ ಸ್ಲೇಟಿನಲ್ಲಿ ಬರೆದು ಒರೆಸಿ, ನಾಲ್ಕನೆಯ ಸಲ ರುಖಿಯಮ್ಮ ಕಾಗದಕ್ಕೆ ಬಂದರು. ನಡುವಿನ ಜಾಗ ಸ್ವಲ್ಪ ಇಕ್ಕಟ್ಟಾಗಿತ್ತು, ಅಕ್ಷರ ಸ್ವಲ್ಪ ದಪ್ಪವಾಗಿತ್ತು. ಆದರೂ ಹೋಗಿ ಕೂತಿತು. ಅರುವತ್ತೆಂಟು ವರ್ಷದ ಹೆಂಗಸು ತನ್ನ ಹೆಸರನ್ನು ತಾನು ಬರೆದು, ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ಓದಿಕೊಂಡರು. ಶಿಶಿರ್ ಶಾಯಿಯ ಪ್ಯಾಡಿನ ಮುಚ್ಚಳ ಹಾಕಿದ. ಮಾಸ್ಟ್ರು ಕನ್ನಡಕ ಒರೆಸಿಕೊಂಡರು. ಒರೆಸುವಂಥದ್ದು ಕನ್ನಡಕದಲ್ಲಿ ಇರಲಿಲ್ಲ.

ಮೇಡಂ ಕಡತದಲ್ಲಿ ಬರೆದರು: "ಸದರಿ ಶಿಕ್ಷಕರು ಎರಡೂವರೆಗೆ ಶಾಲೆಯಲ್ಲೇ ಇದ್ದರು. ಪಾಠ ಮಾತ್ರ ಪಕ್ಕದ ಮನೆಗೆ ಹೋಗುತ್ತಿತ್ತು. ಪ್ರಕರಣ ಮುಕ್ತಾಯ." ಎದ್ದು ಕೈ ತೊಳೆದು, ಜೀಪು ಹತ್ತುವ ಮೊದಲು ತಿರುಗಿ ಹೇಳಿದರು. "ಪತ್ತಿರಿ ಒಳ್ಳೆಯದಿತ್ತು ಮಾಸ್ಟ್ರೇ. ನೀವು ಬರೆದದ್ದು ಸರಿ, ಸ್ವಲ್ಪ ತಣ್ಣಗಾದೆ. ಆ ಫ್ಲೆಕ್ಸ್ ಇವತ್ತೇ ತೆಗೆಸಿ."

ಸಂಜೆಯೇ ಸಾಲಿಹಾ ಶಾಲೆಗೆ ಬಂದು ಟಿವಿಗೆ ಪಾಸ್‌ವರ್ಡ್ ಹಾಕಿದಳು. ಅರ್ಧ ನಿಮಿಷದ ಕೆಲಸ. ಮಾರನೆಯ ದಿನ ಎರಡೂವರೆಗೆ ಮಾಸ್ಟ್ರು ಫೋನಿನಲ್ಲಿ ಟಿವಿಯ ಹೆಸರು ನೋಡಿ, ಎರಡು ಸಲ ನೋಡಿ, ಒತ್ತಿದರು. ಗೋಡೆಯ ನೀಲಿ ಹೋಗಿ ಪೌಡರ್ ಹಾಕಿದ ಮಾಸ್ಟ್ರು ಬಂದರು. ಮಕ್ಕಳು ಕುಣಿದರು. "ತುಂಬಿತು! ತುಂಬಿತು!" ಎಂದು ಕೂಗಿದಳು ಪ್ರಾಪ್ತಿ.

ಐದು ನಿಮಿಷವಾಗಿರಬಹುದು. ಬಾಗಿಲಲ್ಲಿ ಒಂಬತ್ತು ಜೊತೆ ಚಪ್ಪಲಿ ಬಿಡುವ ಸದ್ದಾಯಿತು. ಮುಂದೆ ರುಖಿಯಮ್ಮ, ಕಂಕುಳಲ್ಲಿ ಸ್ಲೇಟು.

"ಇವತ್ತು ನಮ್ಮಲ್ಲಿ ನೀವು ಬರ್ಲಿಲ್ಲ ಮಾಸ್ಟ್ರೇ. ಹಾಗೆ ನಾವೇ ಬಂದೆವು" ಎಂದು ಹೇಳಿ, ಮಂಡಿ ಹಿಡಿದುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಚುನಾವಣೆ ಇಲ್ಲದ ದಿನ ಅವರು ಆ ಶಾಲೆಯೊಳಗೆ ಬಂದದ್ದು ಅದೇ ಮೊದಲು. ಮಾಸ್ಟ್ರು ಫ್ಯಾನನ್ನು ಹಿಂದಿನ ಬೆಂಚಿನ ಕಡೆ ತಿರುಗಿಸಿದರು.

ಅಷ್ಟರಲ್ಲಿ ಟಿವಿಯಲ್ಲಿ, ಮಾಸ್ಟ್ರ ಹಣೆಯ ಮೇಲೆ, ಒಂದು ಸಾಲು ಮೂಡಿತು. ಇಪ್ಪತ್ತಮೂರು ಮಕ್ಕಳೂ ಒಂಬತ್ತು ಹೆಂಗಸರೂ ಬೆರಳು ತೋರಿಸಿ ಒಕ್ಕೊರಲಿನಿಂದ ಓದಿದರು: "ಬರುವಾಗ ಬಂಗುಡೆ ಒಂದು ಕಿಲೋ ತನ್ನಿ!"

ನಾಲ್ಕಕ್ಕೆ ಉಮ್ಮರ್‌ನ ಹಾರ್ನ್ ಕೇಳಿತು. ಮಾಸ್ಟ್ರು ಶಾಲೆಗೆ ಬೀಗ ಹಾಕಿ ಗೇಟಿಗೆ ಬರುವಷ್ಟರಲ್ಲಿ ಬುಟ್ಟಿಯಲ್ಲಿ ಬೂತಾಯಿ ಮಾತ್ರ ಉಳಿದಿತ್ತು.